ಜಗಲಿಗೆ ಬಂದ ಬಾವಿಯ ರಾಟೆ

ನಮ್ಮ ಮನೆಗೆ ಮೊದಲ ಸಲ ಬರುವವರು ಯಾರೇ ಆಗಲಿ, ಕೂತು, ಬೆವರು ಒರೆಸಿಕೊಂಡು, ಬೆಲ್ಲ ನೀರು ಮುಗಿಸಿ, ಆಮೇಲೆ ತಲೆ ಎತ್ತಿ ಕೇಳುವುದು ಒಂದೇ ಮಾತು. "ಇದೆಂತದು?"

ಜಗಲಿಯ ತೊಲೆಗೆ ಬಿಗಿದ ಹಳೇ ರಾಟೆ, ಅದರ ಮೇಲಿಂದ ಇಳಿಬಿದ್ದ ಹಗ್ಗ, ಹಗ್ಗದ ಎರಡೂ ತುದಿಗೆ ಒಂದೊಂದು ಪೈಪಿನ ತುಂಡು. ಬಾವಿಯ ಮೇಲಿರಬೇಕಾದ ರಾಟೆ ಜಗಲಿಗೆ ಯಾಕೆ ಬಂತು ಎನ್ನುವುದನ್ನು ಹೇಳಿ ಹೇಳಿ ನನಗೀಗ ಬಾಯಿಪಾಠವಾಗಿದೆ. ನಿಮಗೂ ಹೇಳಿಬಿಡುತ್ತೇನೆ. ಚಾ ಮಾತ್ರ ನೀವೇ ಮಾಡಿಕೊಳ್ಳಬೇಕು.

ಎಲ್ಲ ಶುರುವಾದದ್ದು ನನ್ನ ಬಲ ಹೆಗಲಿನಿಂದ. ಈ ಹೆಗಲು ನೋವಿಗೆ ಹೇಳಿಕೊಳ್ಳುವಂಥ ಕಾರಣ ಒಂದೂ ಇರಲಿಲ್ಲ, ಅದೇ ದೊಡ್ಡ ನಾಚಿಕೆ. ಬಿದ್ದಿದ್ದರೆ ಬಿದ್ದೆ ಎನ್ನಬಹುದಿತ್ತು. ದನ ಹಾಯ್ದಿದ್ದರೆ ಇನ್ನೂ ಚೆನ್ನಾಗಿ, ಕೈ ಬಾಯಿ ತಿರುಗಿಸಿ ಹೇಳಬಹುದಿತ್ತು. ಹಳದೀಪುರದ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ "ಎಂತ ಮಾಡ್ಕಂಡ್ರಿ?" ಎಂದು ಆಸೆಯಿಂದ ಹತ್ತಿರ ಬರುತ್ತಿದ್ದರು. "ಎಂತದೂ ಇಲ್ಲ, ಬೆಳಿಗ್ಗೆ ಎದ್ದೆ, ನೋಯ್ತಿತ್ತು" ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಇಷ್ಟೇನಾ ಎಂದು ಅವರು ಬಾಯಿಬಿಟ್ಟು ಹೇಳದಿದ್ದರೂ ನನಗೆ ಕೇಳಿಸುತ್ತಿತ್ತು.

ಆದರೆ ಔಷಧ ಹೇಳುವುದಕ್ಕೆ ಯಾರೂ ಹಿಂದೆ ಬೀಳಲಿಲ್ಲ. ಒಬ್ಬರು ಉಪ್ಪಿನ ಶಾಖ ಎಂದರು, ಇನ್ನೊಬ್ಬರು ಲಕ್ಕಿಸೊಪ್ಪು ಕುದಿಸಿ ನೀರು ಹೊಯ್ಯಿರಿ ಎಂದರು. ಮೂರನೆಯವರು ಅಂಕೋಲೆಯ ಕಡೆಯಿಂದ ಒಂದು ಎಣ್ಣೆ ತರಿಸಿಕೊಟ್ಟರು. ಅದನ್ನು ಹಚ್ಚಿಕೊಂಡು ಹೊನ್ನಾವರದ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಹೆಗಲು ಗುಣವಾಗಲಿಲ್ಲ, ದಿನಾ ಸೀಟು ಮಾತ್ರ ಸಿಗುತ್ತಿತ್ತು. ಮೇಲಿನ ಸಲಾಕೆ ಹಿಡಿಯಲಾಗದ ನನಗೆ ಅದೂ ಒಂದು ಉಪಕಾರವೇ ಎಂದುಕೊಂಡು ಎಣ್ಣೆ ಮುಗಿಯುವವರೆಗೂ ಹಚ್ಚಿದೆ.

ಕಡೆಗೆ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬಿಗೆ ಏನೂ ಆಗಿಲ್ಲ, ಇದು ಫ್ರೋಜನ್ ಶೋಲ್ಡರ್, ಹೆಗಲ ಕೀಲು ಬಿಗಿದುಕೊಂಡಿದೆ, ಫಿಸಿಯೋಥೆರಪಿಗೆ ಹೋಗಿ ಎಂದರು. ನಮ್ಮನೆಯವರಿಗೆ ಅದರಲ್ಲಿ ಫ್ರೋಜನ್ ಒಂದೇ ಕಿವಿಗೆ ಬಿದ್ದದ್ದು. ಅವರದ್ದು ಗೂಡ್ಸ್ ಟೆಂಪೊ. ತೆಂಗಿನಕಾಯಿ, ಸಿಮೆಂಟು, ಒಮ್ಮೊಮ್ಮೆ ಮೀನಿನ ಲೋಡೂ ಹೊಡೆಯುತ್ತಾರೆ.

"ಐಸಾ? ಈ ಶೆಕೆಯಲ್ಲಿ?" ಎಂದರು. "ಮೀನಿಗೆ ಹಾಕಿದ ಐಸು ಕುಮಟೆಯಿಂದ ಹೊನ್ನಾವರಕ್ಕೆ ಬರೂದ್ರೊಳಗೆ ನೀರಾಗ್ತದೆ. ನಿನ್ನ ಹೆಗಲು ಕರಗೂದಿಲ್ಲ ಅಂದ್ರೆ ಅದೆಂಥ ಗಟ್ಟಿ ಮಾಲು ಮಾರಾಯ್ತಿ!"

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದೇ ಹೋದದ್ದು ತಲೆಕೂದಲಿನ ವಿಷಯ.

ನನಗೆ ನನ್ನ ಕೂದಲಿನ ಮೇಲೆ ಸ್ವಲ್ಪ ಜಂಬ ಉಂಟು, ಮುಚ್ಚಿಡುವುದೇನು? ಹೊನ್ನಾವರದ ಒಂದು ಸೊಸೈಟಿಯಲ್ಲಿ ನನಗೆ ಕೌಂಟರಿನ ಕೆಲಸ. ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತೇನು, ಆದರೆ ತುರುಬು ಕಟ್ಟಿ ಒಂದು ತುಂಡು ಹೂವಾದರೂ ಮುಡಿಯದೆ ಬಸ್ಸು ಹತ್ತಿದವಳಲ್ಲ. ಅಂಥವಳ ಕೈ ಒಂದು ಬೆಳಿಗ್ಗೆ ಕಿವಿಯವರೆಗೆ ಹೋಗಿ ನಿಂತುಬಿಟ್ಟಿತು. ಮುಂದಕ್ಕೆ ಬರಲೊಲ್ಲದು. ತಲೆ ನನ್ನದೇ, ಕೈಯೂ ನನ್ನದೇ, ನಡುವೆ ಒಂದು ಗೇಣು ಜಾಗ. ಅದನ್ನು ದಾಟಲಾಗದೆ ಕನ್ನಡಿಯ ಮುಂದೆ ಕೂತು ಅತ್ತುಬಿಟ್ಟೆ. ನಗಬೇಡಿ. ಬೆನ್ನ ಹಿಂದೆ ಬಾಚಣಿಗೆ ಬಿದ್ದು ಹೋದ ಸದ್ದು ಕೇಳಿ, ಅದನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಕೂತವರಿಗೆ ಗೊತ್ತು ಅದರ ಕಷ್ಟ.

ನಮ್ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಸಮಾಧಾನ ಹೇಳುವ ಜನ ಅಲ್ಲ ಅವರು. ಬಾಚಣಿಗೆ ಎತ್ತಿಕೊಂಡು, "ತಿರುಗು, ನಾ ಕಟ್ತೆ" ಎಂದರು.

ಅವರಿಗೆ ಜೀವಮಾನದಲ್ಲಿ ಗೊತ್ತಿರುವುದು ಒಂದೇ ಗಂಟು. ಟೆಂಪೊದ ಲೋಡಿನ ಮೇಲೆ ತಾಡಪಾಲು ಹೊದೆಸಿ, ಗಾಲಿಗೆ ಕಾಲು ಕೊಟ್ಟು, ಹಗ್ಗ ಜಗ್ಗಿ ಹಾಕುವ ಗಂಟು. ಅದನ್ನೇ ಹಾಕಿದರು. ಗಾಲಿ ಇಲ್ಲದ್ದಕ್ಕೆ ನಾನು ಕೂತ ಸ್ಟೂಲಿಗೆ ಕಾಲು ಕೊಟ್ಟರು. ತುರುಬು ಎಷ್ಟು ಬಿಗಿಯಾಯಿತೆಂದರೆ ನನ್ನ ಹುಬ್ಬು ಎರಡೂ ಮೇಲೆ ಹೋಗಿ ಸಂಜೆಯವರೆಗೆ ಕೆಳಗಿಳಿಯಲಿಲ್ಲ. ಅವತ್ತು ಕೌಂಟರಿಗೆ ಯಾರು ಬಂದು ಏನು ಕೇಳಿದರೂ ನಾನು ಬೆರಗಾದ ಹಾಗೆ ಕಾಣುತ್ತಿದ್ದೆನಂತೆ. ಒಬ್ಬ ಅಜ್ಜ ಡಿಪಾಜಿಟ್ ಇಡಲು ಬಂದವನು, "ಯಾಕೆ, ಇಡಬಾರದಾ?" ಎಂದು ಹೆದರಿ ಕೇಳಿದ.

ತುರುಬಾದರೂ ಹೋಗಲಿ. ಹೂವನ್ನು ಅವರು ಆಯುಧಪೂಜೆಯ ದಿನ ಟೆಂಪೊದ ಮೂತಿಗೆ ಕಟ್ಟುವ ಹಾಗೆ ಈ ಕಿವಿಯಿಂದ ಆ ಕಿವಿಗೆ ಅಡ್ಡಡ್ಡ ಕಟ್ಟಿದರು. ಅದನ್ನು ನೋಡಿಯೇ ನಾನು ಸೋತದ್ದು. "ಬೇಡ ಬಿಡಿ, ಇನ್ನು ನಂಗೆ ಹೂ ಸಾಕು" ಎಂದೆ.

ಹೇಳಿದ ಮೇಲೆ ಆ ಮಾತನ್ನು ಎಲ್ಲೋ ಮೊದಲೇ ಕೇಳಿದ್ದೇನೆ ಅನ್ನಿಸಿತು. ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಅದು ನನ್ನ ಅಮ್ಮನ, ನಮ್ಮ ಆಯಿಯ ಮಾತು.

ನನ್ನ ತವರು ಕುಮಟೆಯ ಹತ್ತಿರ ಹೊಳನಗದ್ದೆ. ನಾನು ಸಣ್ಣವಳಿದ್ದಾಗ ಅಪ್ಪ ಕುಮಟೆ ಪೇಟೆಗೆ ಹೋದಾಗೆಲ್ಲ ಬಾಳೆ ಎಲೆಯ ಕಟ್ಟಿನಲ್ಲಿ ಅಬ್ಬಲಿಗೆ ಹೂವಿನ ದಂಡೆ ತರುತ್ತಿದ್ದ. ಆಯಿ ನನ್ನನ್ನು ಎರಡು ಮೊಣಕಾಲಿನ ನಡುವೆ ಸಿಗಿಸಿಕೊಂಡು, ತಲೆಗೆ ಎಣ್ಣೆ ತಟ್ಟಿ, ಕಣ್ಣಲ್ಲಿ ನೀರು ಬರುವ ಹಾಗೆ ಎಳೆದು ಎರಡು ಜಡೆ ಹಾಕುತ್ತಿದ್ದಳು. ಅತ್ತಿತ್ತ ಅಲುಗಿದರೆ ಬಾಚಣಿಗೆಯ ಬೆನ್ನಿನಿಂದ ಒಂದು ಬೀಳುತ್ತಿತ್ತು. ನನಗೆ ಮುಡಿಸಿ ಉಳಿದದ್ದನ್ನು ತಾನು ಮುಡಿದುಕೊಳ್ಳುವಳು. ಅವಳು ಕೈ ಹಿಂದೆ ಮಾಡಿ ಹೂ ಸಿಗಿಸುವಷ್ಟು ಹೊತ್ತೂ ಅಪ್ಪ ಅಲ್ಲೇ ಎಲೆ ಅಡಿಕೆ ತಟ್ಟೆ ಹುಡುಕುತ್ತಿದ್ದ. ತಟ್ಟೆ ಅವನ ಕಾಲ ಬುಡದಲ್ಲೇ ಇರುತ್ತಿತ್ತು.

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ದಿನಗಳಲ್ಲಿ ಆಯಿ ಒಂದು ದಿನ, "ನಂಗೆ ಹೂ ಸಾಕು, ಇನ್ನು ಇವ್ಳಿಗೊಂದು ತುಂಡು ತಂದ್ರೆ ಆತು" ಎಂದಳು. ಮನೆಯಲ್ಲಿ ಎಲ್ಲರಿಗೂ ಅದು ದೊಡ್ಡಸ್ತಿಕೆಯಾಗಿ ಕಂಡಿತು. "ನನ್ನ ಸೊಸೆಗೆ ಈಗ್ಲೇ ವೈರಾಗ್ಯ ಬಂತು" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದಳು. ಅಪ್ಪನೂ ಜಗಲಿಯಲ್ಲಿ ಕೂತು ಅದನ್ನೇ ಹೇಳಿಕೊಂಡ. ಸ್ವಲ್ಪ ಸಪ್ಪಗೇ ಹೇಳಿಕೊಂಡ ಅನ್ನಿ.

ಅದೇ ಕಾಲದಲ್ಲಿ ನನ್ನ ಎತ್ತರಕ್ಕೂ ಮನೆಯಲ್ಲಿ ಭಾರೀ ಬೆಲೆ ಬಂತು. "ನೀ ಉದ್ದ ಆದ್ಯಲೆ, ಆ ಉಪ್ಪಿನಕಾಯಿ ಭರಣಿ ಇಳಿಸ್ಕೊಡು" ಎಂದು ಆಯಿ ಕರೆದರೆ ನಾನು ಉಬ್ಬಿಕೊಂಡು ಹೋಗಿ ಇಳಿಸುತ್ತಿದ್ದೆ. ಅಂಗಳದಲ್ಲಿ ಬಟ್ಟೆ ಒಣಗಿಸುವ ಸರಿಗೆಯನ್ನು ಆಯಿ ಒಂದು ಮಳೆಗಾಲ ಮುಗಿದ ಮೇಲೆ ಕೆಳಗೆ ಕಟ್ಟಿಸಿದಳು. ಅಪ್ಪ ತೋಟದಿಂದ ಬರುವಾಗ ದಿನಕ್ಕೊಮ್ಮೆ ಅದಕ್ಕೆ ಕುತ್ತಿಗೆ ತಾಗಿಸಿಕೊಂಡು, "ಈ ಮನೇಲಿ ನಾ ಬಗ್ಗೇ ನಡೀಬೇಕೇನೆ?" ಎಂದು ಕೂಗುವನು. "ನಡೀರಿ, ಒಳ್ಳೇದೆಯ" ಎಂದು ಆಯಿ ಒಳಗಿಂದಲೇ ಹೇಳುವಳು. ನಾವು ಮಕ್ಕಳು ನಕ್ಕು ನಕ್ಕು ಸಾಯುತ್ತಿದ್ದೆವು.

ಎಲ್ಲಿಂದ ಎಲ್ಲಿಗೋ ಹೋದೆ. ಹೊನ್ನಾವರಕ್ಕೆ ಬರುತ್ತೇನೆ.

ಅಲ್ಲಿ ಫಿಸಿಯೋಥೆರಪಿ ಮಾಡಿಸುವ ಹುಡುಗಿ ಸಬೀಹಾ. ಹುಡುಗಿ ಎಂದದ್ದು ನನ್ನ ಸಲಿಗೆ, ಬೋರ್ಡಿನಲ್ಲಿ ಡಾಕ್ಟರ್ ಎಂದೇ ಇದೆ. ಭಟ್ಕಳದ ಪಕ್ಕದ ಜಾಲಿಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಮನೆಯವರ ಜೊತೆ ಫೋನಿನಲ್ಲಿ ನವಾಯತಿ, ನಮ್ಮ ಜೊತೆ ಅಚ್ಚ ನಮ್ಮದೇ ಕನ್ನಡ. ಇಷ್ಟು ದಿನ ಎಲ್ಲರೂ ನನ್ನನ್ನು ಕೇಳಿದ್ದು ಎಲ್ಲಿ ನೋವು, ಎಷ್ಟು ನೋವು ಎಂದು. ಅವಳು ಕೇಳಿದ್ದು ಬೇರೆ.

"ಆಂಟಿ, ಈ ಕೈಯಲ್ಲಿ ನಿಮ್ಗೆ ಎಂತ ಮಾಡೂಕೆ ಆಗ್ಬೇಕು?"

ಮೇಲಿನ ಕಪಾಟಿನಿಂದ ಫೈಲು ತೆಗೆಯಬೇಕು ಎಂದಿದ್ದರೆ ಮರ್ಯಾದೆಯಾಗಿರುತ್ತಿತ್ತು. ಬಾಯಿಗೆ ಬಂದದ್ದು, "ಹೂ ಮುಡೀಬೇಕು" ಎಂದು. ಹೇಳಿ ನೆಲ ನೋಡಿದೆ. ಅವಳು ನಗಲಿಲ್ಲ.

"ನಮ್ಮಮ್ಮಿಗೂ ಮಲ್ಲಿಗೆ ಇಲ್ದೆ ಆಗೂದಿಲ್ಲ" ಎಂದಳು. "ಆತು. ನೀವು ಯಾವತ್ತು ನಿಮ್ಮ ಕೈಯಲ್ಲೇ ಹಿಂದೆ ಮುಡೀತ್ರೋ, ಅವತ್ತಿನ ಭಟ್ಕಳ ಮಲ್ಲಿಗೆ ದಂಡೆ ನಂದು."

ಭಟ್ಕಳ ಮಲ್ಲಿಗೆಯ ಆಸೆ ತೋರಿಸಿ ನನ್ನನ್ನು ಅವಳು ಪಡಬಾರದ ಪಾಡು ಪಡಿಸಿದಳು. ಕೋಲು ಹಿಡಿದು ಎಡಗೈಯಿಂದ ಬಲಗೈ ನೂಕುವುದು. ಟವಲು ಮಡಚಿ ಮೇಜು ಒರೆಸುವುದು, ಒರೆಸುತ್ತಾ ಒರೆಸುತ್ತಾ ಕೈ ಮುಂದೆ ಚಾಚುವುದು. ಗೋಡೆಯ ಮೇಲೆ ಬೆರಳುಗಳನ್ನು ಏಡಿಯ ಹಾಗೆ ಮೇಲಕ್ಕೆ ನಡೆಸುವುದು. ಏಡಿ ಹತ್ತದಿದ್ದಾಗ ನಾನು ತುದಿಗಾಲ ಮೇಲೆ ನಿಂತು, ಮೈ ವಾಲಿಸಿ ಮೋಸ ಮಾಡುತ್ತಿದ್ದೆ. ಅವಳಿಗೆ ಬೆನ್ನಿಗೂ ಕಣ್ಣು. "ಆಂಟಿ, ಕೈ ಎತ್ತಿ ಅಂದ್ರೆ ಸೊಂಟ ಎತ್ತಿದ್ರಿ." ಎಷ್ಟು ನೋವಾದರೆ ನಿಲ್ಲಿಸಬೇಕು ಎಂದು ಕೇಳಿದೆ. "ಸ್ವಲ್ಪ ನೋಯ್ಲಿ. ನನ್ನ ಬೈಯೂ ಅಷ್ಟು ನೋವು ಬಂದ್ರೆ ನಿಲ್ಸಿ" ಎಂದಳು. ಆ ಲೆಕ್ಕದಲ್ಲಾದರೆ ನಾನು ಶುರುವೇ ಮಾಡಬಾರದಿತ್ತು.

ಆಮೇಲೆ ಬಂತು ರಾಟೆ. ಎತ್ತರದಲ್ಲಿ ಒಂದು ರಾಟೆ, ಹಗ್ಗ; ಒಳ್ಳೆಯ ಕೈ ಕೆಳಕ್ಕೆ ಎಳೆದರೆ ಕೆಟ್ಟ ಕೈ ತನ್ನಷ್ಟಕ್ಕೆ ಮೇಲೆ ಹೋಗಬೇಕು. ಪೇಟೆಯಲ್ಲಿ ಅದರ ಸೆಟ್ ಸಿಗುತ್ತದೆ ಎಂದಳು. ನಮ್ಮನೆಯವರು ಬಿಡುತ್ತಾರೆಯೇ? ಪಂಪು ಬಂದ ಮೇಲೆ ಕೊಟ್ಟಿಗೆಯ ಮೂಲೆ ಸೇರಿದ್ದ ಬಾವಿಯ ರಾಟೆಯನ್ನು ತಂದು, ಜಗಲಿಯ ತೊಲೆಗೆ ತಮ್ಮ ಅದೇ ಗಂಟಿನಿಂದ ಬಿಗಿದು, ಜೋತುಬಿದ್ದು ಪರೀಕ್ಷೆ ಮಾಡಿ, "ಆನೆ ಕಟ್ಟಿದ್ರೂ ಬೀಳೂದಿಲ್ಲ" ಎಂದರು. ಯಾಕೋ ನನ್ನ ಕಡೆಗೇ ನೋಡಿ ಹೇಳಿದರು.

ನಮ್ಮ ಕಡೆ ಜಗಲಿಯ ತೊಲೆಯಿಂದ ಹೊಸ ಹಗ್ಗ ಇಳಿಬಿಟ್ಟರೆ ಅದಕ್ಕೆ ಒಂದೇ ಅರ್ಥ. ನಮಗದು ಹೊಳೆಯಲಿಲ್ಲ. ಪಕ್ಕದ ಮನೆಯ ಮಾದೇವಕ್ಕನಿಗೆ ಬೇಲಿಯಾಚೆಯಿಂದಲೇ ಹೊಳೆಯಿತು. ಅಂಕೋಲೆಗೆ ಕೊಟ್ಟ ನಮ್ಮ ಮಗಳು ವಿದ್ಯಾ ಆ ವಾರ ಮನೆಗೆ ಬಂದು, ಮಾವಿನಕಾಯಿ ಬೇರೆ ತಿನ್ನುತ್ತಾ ಮೆಟ್ಟಿಲ ಮೇಲೆ ಕೂತಿದ್ದಳು. ಇನ್ನೇನು ಬೇಕು? ಮಾದೇವಕ್ಕ ಬಟ್ಟಲಲ್ಲಿ ಪಾಯಸ ಹಿಡಿದುಕೊಂಡೇ ಬಂದಳು.

"ಬಾಯಿ ಬಿಡ್ಲೇ ಇಲ್ಲ ನೀವು! ತೊಟ್ಟಿಲು ಕಟ್ಟೂಕೆ ಇಷ್ಟು ಬೇಗ ಹಗ್ಗ ಹಾಕ್ತ್ರಾ? ಯಾವ ತಿಂಗಳು?"

ವಿದ್ಯಾ ಮಾವಿನಕಾಯಿ ಬಿಟ್ಟು ಒಳಗೆ ಓಡಿದಳು. ಅದನ್ನು ಮಾದೇವಕ್ಕ ನಾಚಿಕೆ ಎಂದುಕೊಂಡಳು. ನಮ್ಮನೆಯವರು ಮಗಳನ್ನು ಪಾರು ಮಾಡಲು ಹೋಗಿ, "ಅಯ್ಯೋ, ಅವ್ಳಿಗಲ್ಲ ಮಾದೇವಕ್ಕ, ಇದು ಇವ್ಳಿಗೆ" ಎಂದು ನನ್ನನ್ನು ತೋರಿಸಿದರು.

ಮಾದೇವಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನಗೆ ಐವತ್ತು ದಾಟಿ ಆಗಿತ್ತು. ಅವಳು ಪಾಯಸದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, "ದೇವ್ರು ಯಾವಾಗ ಕಣ್ಣು ಬಿಡ್ತಾನೋ ಹೇಳೂಕಾಗ" ಎಂದು ಮೆಲ್ಲಗೆ ಹೇಳಿದಳು. ನಾನು ಹಗ್ಗ ಹಿಡಿದು, ಕಿರ್ ಕಿರ್ ಎಂದು ರಾಟೆ ಎಳೆದು, ಕೈ ಎತ್ತಿ ಅಯ್ಯಯ್ಯೋ ಎಂದು ಕೂಗಿ ತೋರಿಸಿದ ಮೇಲೆಯೇ ಅವಳು ನಂಬಿದ್ದು. ಅಷ್ಟರಲ್ಲಿ ಸುದ್ದಿ ಹೈವೇ ದಾಟಿತ್ತು. ಸಂಜೆ ಅಂಕೋಲೆಯಿಂದ ಬೀಗಿತ್ತಿಯ ಫೋನು ಬಂತು, "ನಮ್ಗೊಂದು ಮಾತು ಹೇಳ್ಬಾರದಿತ್ತಾ?" ಎಂದು. ಪಾಯಸ ಮಾತ್ರ ಚೆನ್ನಾಗಿತ್ತು.

ಹೀಗೆ ದಿನಾ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ನೀರಿಲ್ಲದ ಬಾವಿ ಸೇದುವ ಸದ್ದು. ಅಡುಗೆಮನೆಯ ಗೋಡೆಯಲ್ಲಿ ಏಡಿಯ ಮೆರವಣಿಗೆ. ಅಲ್ಲಿ ತೂಗುಹಾಕಿದ ಕ್ಯಾಲೆಂಡರೇ ನನ್ನ ಅಳತೆಗೋಲು. ಏಡಿ ಕೆಳಗಿನ ಸಾಲಿನಿಂದ ಹತ್ತಬೇಕಲ್ಲ, ಎಲ್ಲರಿಗೂ ತಿಂಗಳು ಮೊದಲಿಂದ ಕೊನೆಗೆ ಹೋದರೆ ನನಗೆ ಕೊನೆಯಿಂದ ಮೊದಲಿಗೆ. ತಾರೀಕು ಮುಗಿದ ಮೇಲೆ ಗಣಪತಿಯ ಚಿತ್ರ. ಅವನ ಹೊಟ್ಟೆಯ ಹತ್ತಿರ ಏಡಿ ಬಹಳ ದಿನ ಕೂತುಬಿಟ್ಟಿತು. "ಅಲ್ಲೆಂತ, ಮೋದಕಕ್ಕೆ ಕಾಯ್ತಾ ಇದ್ಯಾ?" ಎಂದು ನಮ್ಮನೆಯವರು ಕೇಳುತ್ತಿದ್ದರು. ಕೇಳುತ್ತಲೇ ದಿನಾ ತುರುಬು ಕಟ್ಟುತ್ತಿದ್ದರು. ಗಂಟು ಈಚೆಗೆ ಸಡಿಲವಾಗಿತ್ತು, ಹುಬ್ಬು ಜಾಗದಲ್ಲೇ ಇರುತ್ತಿತ್ತು.

ಗಣಪತಿಯ ಕಿರೀಟ ಮುಟ್ಟಿದ ಮೇಲೂ ಕೈ ಹಿಂದಕ್ಕೆ ತಿರುಗಲು ಇನ್ನಷ್ಟು ಕಾಲ ಹಿಡಿಯಿತು. ತಿರುಗಿತು ಕಡೆಗೆ. ಕ್ಲಿನಿಕ್ಕಿನ ಕನ್ನಡಿಯ ಮುಂದೆ ಸಬೀಹಾಳ ಎದುರೇ ತುರುಬು ಬಿಚ್ಚಿ, ಕಟ್ಟಿ ತೋರಿಸಿದೆ. ಮರುದಿನ ಅವಳು ಜಾಲಿಯಿಂದ ಬಾಳೆ ಎಲೆಯ ಕಟ್ಟು ತಂದಳು. ಒತ್ತಾಗಿ ಕಟ್ಟಿದ ಮಲ್ಲಿಗೆ. ಅರ್ಧ ಮುರಿದು ಅಲ್ಲೇ ಮುಡಿದೆ. ಅವಳು ಚಪ್ಪಾಳೆ ತಟ್ಟಿದಳು, ನನಗೆ ಅಳು ಬಂತು. ಮನೆಗೆ ಬಂದಾಗ ನಮ್ಮನೆಯವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಆತು. ನನ್ನ ಕೆಲಸ ಹೋಯ್ತು" ಎಂದರು. ನಿಜವಾಗಿಯೂ ಸ್ವಲ್ಪ ಬೇಜಾರಾದ ಹಾಗಿತ್ತು.

ಉಳಿದ ಅರ್ಧ ದಂಡೆ ಹಿಡಿದುಕೊಂಡು ನಾನು ಮರುದಿನವೇ ಹೊಳನಗದ್ದೆಗೆ ಹೋದೆ. ಯಾಕೆ ಹೋದೆ ಎಂದರೆ ಒಂದು ವಿಷಯ ಬಹಳ ದಿನದಿಂದ ಕೊರೆಯುತ್ತಿತ್ತು. ಕೈ ಎತ್ತಲಾಗದ ದಿನಗಳಲ್ಲಿ ನಾನು ಕೂದಲು ಸುತ್ತಿಕೊಳ್ಳಲು ಮೊಣಕಾಲಿನ ಕಡೆಗೆ ತಲೆ ಬಗ್ಗಿಸಿ, ತಲೆಯನ್ನೇ ಕೈಯ ಹತ್ತಿರ ತರುತ್ತಿದ್ದೆ. ಹಾಗೆ ಬಗ್ಗಿದಾಗೊಮ್ಮೆ ಕನ್ನಡಿಯಲ್ಲಿ ಓರೆಗಣ್ಣಿಗೆ ಕಂಡದ್ದು ನಾನಲ್ಲ, ಆಯಿ. ಎಷ್ಟೋ ವರ್ಷದಿಂದ ಅವಳು ತುರುಬು ಸುತ್ತುವುದೇ ಹಾಗೆ. ಅದು ಅವಳ ಅಭ್ಯಾಸ ಎಂದುಕೊಂಡಿದ್ದೆ.

ತಮ್ಮನೂ ಅವನ ಹೆಂಡತಿಯೂ ಗದ್ದೆಯ ಕಡೆ ಹೋಗಿದ್ದರು. ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ಆಯಿ ಹೂ ನೋಡಿ ಮೂಸಿ, "ಭಟ್ಕಳದ್ದು" ಎಂದಳು. "ನಂಗೆಂತಕ್ಕೆ? ನೀನೇ ಮುಡ್ಕೊ."

"ಮುಡಿಸ್ತೆ. ಮೊದ್ಲು ಬಲಗೈ ಮೇಲೆತ್ತು ನೋಡ್ವ."

"ಎಂತಕ್ಕೆ?"

"ಎತ್ತು ಆಯಿ."

ಎತ್ತಿದಳು. ಹೆಗಲಿನವರೆಗೆ ಬಂತು, ನಿಂತಿತು. ಮುಂದೆ ಎತ್ತಲು ಹೋದಾಗ ಅವಳ ಸೊಂಟ ವಾಲಿತು. ಆ ಮೋಸ ನನಗೆ ಚೆನ್ನಾಗಿ ಗೊತ್ತಿತ್ತು.

"ಯಾವಾಗಿಂದ?"

"ಯಾರಿಗೊತ್ತು. ನೀ ಹೈಸ್ಕೂಲಿಗೆ ಹೋಗ್ವಾಗ ಸುಮಾರು ನೋಯ್ತಿತ್ತು. ಆಮೇಲೆ ನೋವು ಹೋಯ್ತು, ಕೈ ಅಲ್ಲೇ ನಿಂತ್ಕಂತು."

"ಯಾರಿಗೂ ಹೇಳ್ಲಿಲ್ಲ ಯಾಕೆ?"

ಆಯಿ ನನ್ನನ್ನು ಪೆದ್ದಿ ನೋಡಿದ ಹಾಗೆ ನೋಡಿದಳು. "ಹೇಳೂಕೆಂತದೆ ಅದ್ರಲ್ಲಿ? ಬೇಯ್ಸೂದು, ಕಾಯಿ ಹೆರೂದು, ನೆಟ್ಟಿ ನೆಡೂದು, ಎಲ್ಲಾ ಹೆಗಲಿಂದ ಕೆಳಗೇ ಅಲ್ದಾ? ಕೆಲಸ ಯಾವ್ದೂ ನಿಲ್ಲಲಿಲ್ಲ. ಮೇಲೆ ಇದ್ದದ್ದು ಹೂ ಒಂದೇ."

ನಾನು ಇಳಿಸಿಕೊಟ್ಟ ಭರಣಿ, ಅಂಗಳದಲ್ಲಿ ಕೆಳಗೆ ಬಂದ ಸರಿಗೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಅವಳ ಕೈ ಎಲ್ಲಿ ನಿಂತಿತೋ ಅಲ್ಲಿಗೆ ಇಡೀ ಮನೆಯನ್ನೇ ಸದ್ದಿಲ್ಲದೆ ಇಳಿಸಿಕೊಂಡಿದ್ದಳು. ಹೂವನ್ನು ಇಳಿಸಲಾಗಲಿಲ್ಲ, ಬಿಟ್ಟಳು. ಅದಕ್ಕೆ ನಾವು ವೈರಾಗ್ಯ ಎಂದು ಹೆಸರಿಟ್ಟೆವು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅವಳ ಬೆಳ್ಳಗಾದ ತುರುಬಿಗೆ ಮಲ್ಲಿಗೆ ಸಿಗಿಸಿದೆ.

ಅಪ್ಪ ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ. "ನಾ ಅವ್ಳಿಗೆ ಹೂ ಬೇಡಾಂತ ತರೂದು ಬಿಟ್ಟದ್ದು" ಎಂದ. ಯಾರನ್ನೂ ನೋಡಿ ಹೇಳಲಿಲ್ಲ.

ಆಯಿಯನ್ನು ಕರೆತಂದು ಸಬೀಹಾಳಿಗೆ ತೋರಿಸಿದೆ. "ಇಷ್ಟು ಹಳೇದು ಪೂರ್ತಿ ಬರೂದಿಲ್ಲ ಆಂಟಿ, ಬಂದಷ್ಟು ಬರ್ಲಿ" ಎಂದಳು. ನಮ್ಮನೆಯವರು ಕೆಲಸ ಸಿಕ್ಕ ಖುಷಿಯಲ್ಲಿ ಹೊಳನಗದ್ದೆಯ ತೊಲೆಗೂ ಒಂದು ರಾಟೆ ಬಿಗಿದರು. ಅಲ್ಲಿಯೂ ಪಕ್ಕದ ಮನೆಯವಳು ಬಂದು, "ಯಾರಿಗೆ ತೊಟ್ಟಿಲು?" ಎಂದು ಕೇಳಿದಳಂತೆ. ಮೊಮ್ಮಕ್ಕಳ ಮದುವೆ ನೋಡಿದ ನಮ್ಮ ಆಯಿ ಹಗ್ಗ ಎಳೆಯುವುದನ್ನು ನಿಲ್ಲಿಸದೆ, "ನಂಗೇ" ಎಂದಳಂತೆ.

ಮೊನ್ನೆ ಹೋಗಿದ್ದೆ. ಅಪ್ಪ ಕುಮಟೆ ಪೇಟೆಗೆ ಹೋಗಿ ಬಂದು, ಬಾಳೆ ಎಲೆಯ ಕಟ್ಟನ್ನು ಆಯಿಯ ಪಕ್ಕದಲ್ಲಿಟ್ಟು, ಎಲೆ ಅಡಿಕೆ ತಟ್ಟೆ ಹುಡುಕಲು ಶುರು ಮಾಡಿದ. ಆಯಿ ಒಂದು ತುಂಡು ಅಬ್ಬಲಿಗೆ ಮುರಿದುಕೊಂಡು ಬಲಗೈ ಎತ್ತಿದಳು. ಕೈ ಹೆಗಲು ದಾಟಿತು, ಕೆನ್ನೆ ದಾಟಿತು, ಕಿವಿಯ ಹತ್ತಿರ ನಿಂತಿತು. ನಾನು ಏಳಲು ಹೋದೆ. ಅವಳು ಕಣ್ಣಲ್ಲೇ ಗದರಿ ಕೂರಿಸಿದಳು. ಮುಖ ಕಿವುಚಿ, ತಲೆಯನ್ನು ಒಂಚೂರು ಆಚೆ ತಿರುಗಿಸಿ, ಕಿವಿಯ ಮೇಲೆಯೇ ಹೂ ಸಿಗಿಸಿಕೊಂಡಳು. ಸೊಟ್ಟಗಿತ್ತು.

"ಸಮಾ ಉಂಟಾ?" ಎಂದು ಕೇಳಿದಳು.

"ಉಂಟು" ಎಂದ ಅಪ್ಪ, ತಟ್ಟೆ ಹುಡುಕುವುದನ್ನು ಬಿಟ್ಟು.

ಆಯಿ ಎದ್ದು ಅಂಗಳಕ್ಕೆ ಇಳಿದು, ಬಟ್ಟೆ ಸರಿಗೆಯ ಮೇಲೆ ಕೈಯಿಟ್ಟು ನಿಂತಳು. "ಹೋಯ್, ಇದನ್ನೊಂಚೂರು ಮೇಲೆ ಕಟ್ಟಿ ಕಾಂಬ" ಎಂದಳು.

"ಇಷ್ಟು ವರ್ಷ ಬಗ್ಗಿ ಬಗ್ಗಿ ನಂಗೆ ಅಭ್ಯಾಸ ಆಗಿಹೋಯ್ತೇ" ಎನ್ನುತ್ತಲೇ ಅಪ್ಪ ಎದ್ದ, ಸರಿಗೆಯ ಗಂಟು ಬಿಚ್ಚಿದ.